ಟ್ರಂಕಿನ ಮೇಲೆ ಬರೆದ ಹೆಸರು

ಕೋಲಾರ ಚಿನ್ನದ ಗಣಿಗಳ ಹಳೆಯ ಲೈನುಗಳಲ್ಲಿ, ಒಂದರ ಗೋಡೆಗೆ ಇನ್ನೊಂದು ಒರಗಿ ಸಾಲಾಗಿ ನಿಂತ ತಗ್ಗು ಸೂರಿನ ಮನೆಗಳ ಪೈಕಿ ಒಂದರೊಳಕ್ಕೆ ತಲೆಬಾಗಿ ಕಾಲಿಟ್ಟವರಿಗೆ, ಹೊರಗಿನ ಬಿಸಿಲಿಗೆ ಒಗ್ಗಿದ ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಂಡ ಮೇಲೆ ಮೊತ್ತಮೊದಲು ಗೋಚರಿಸುವುದು ಗೋಡೆಯ ಮೇಲಿನ ಪಟಗಳ ಪಂಕ್ತಿ. ಮುರುಗನೋ, ವೇಳಾಂಗಣ್ಣಿ ಮಾತೆಯೋ, ಮಕ್ಕಾದ ಚಿತ್ರವೋ, ಅಂಬೇಡ್ಕರರೋ ನಡುವೆ ಇರುತ್ತಾರೆ. ಅವರ ಮಗ್ಗುಲಿಗೆ ಆ ಮನೆಯಲ್ಲಿ ತೀರಿಕೊಂಡವರು. ಕೆಲವು ಮನೆಗಳಲ್ಲಿ, ತೀರಿಕೊಂಡ ಈ ಹಿರಿಯರ ನಡುವೆ, ಸಮವಸ್ತ್ರ ತೊಟ್ಟು, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತ ತರುಣನೊಬ್ಬನ ಭಾವಚಿತ್ರವೂ ಇರುವುದುಂಟು. ಅವನ ತಮ್ಮಂದಿರು ಮುದುಕರಾಗಿ ಹೋದರು. ತಮ್ಮಂದಿರ ಮಕ್ಕಳಿಗೂ ತಲೆ ನರೆಯಿತು. ಆತನೊಬ್ಬನು ಮಾತ್ರ ಇಪ್ಪತ್ತರ ಆಸುಪಾಸಿನಲ್ಲಿಯೇ ನಿಂತು, ಮನೆಯ ಮೊಮ್ಮಕ್ಕಳಿಗೆಲ್ಲ ದೊಡ್ಡಪ್ಪನೋ ಚಿಕ್ಕತಾತನೋ ಆಗಿ, ಅವರಿಗಿಂತ ಎಳೆಯ ಮುಖದಿಂದ ನೋಡುತ್ತಿರುತ್ತಾನೆ.

ಮಂಚದ ಕೆಳಗೆ ಎಳೆದು ನೋಡಿದರೆ ಕರಿಯ ಬಣ್ಣ ಬಳಿದ ಕಬ್ಬಿಣದ ಟ್ರಂಕು ಸಿಕ್ಕೀತು. ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ, ಪಲ್ಟನ್ನಿನ ಪೇಂಟರನು ಬಿಡಿಸಿದ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ಮೊದಲು ಒಂದು ಸಂಖ್ಯೆ, ಆಮೇಲೆ ದರ್ಜೆ, ಆಮೇಲೆ ಹೆಸರು, ಕೊನೆಗೆ ದಳದ ಹೆಸರು. ಕೊಂಡಿಯ ಪಕ್ಕದಲ್ಲಿ ಬಣ್ಣ ಉದುರಿ, ಸಂಖ್ಯೆಯ ಒಂದು ಅಂಕಿ 3 ಆಗಿತ್ತೋ 8 ಆಗಿತ್ತೋ ತಿಳಿಯದಂತಾಗಿರುತ್ತದೆ. ಒಳಗೆ ಈಗ ಇರುವುದು ಮನೆಯವರ ರಗ್ಗು, ಮದುವೆಯ ಸೀರೆ, ನುಸಿಗುಳಿಗೆ. ಎಲ್ಲಕ್ಕಿಂತ ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ನಾಲ್ಕಾರು ಕಾಗದಗಳು, ಬಣ್ಣಗೆಟ್ಟ ರಿಬ್ಬನ್ನಿನ ಒಂದು ಪದಕ.

ಸರಕಾರವು ತನ್ನ ಸೈನಿಕನನ್ನು ನೆನಪಿನಲ್ಲಿಟ್ಟುಕೊಳ್ಳುವುದು ಟ್ರಂಕಿನ ಮೇಲಿರುವ ಆ ಸಂಖ್ಯೆಯಿಂದ. ಮನೆಯವರು ನೆನೆಯುವುದು ಇಂಥವರ ಮಗ, ಇಂಥವಳ ಅಣ್ಣ ಎಂಬ ಸಂಬಂಧದಿಂದ. ಈ ಎರಡು ನೆನಪುಗಳೂ ಎಲ್ಲಿಯೋ ಒಂದೆಡೆ ಒಂದನ್ನೊಂದು ಸಂಧಿಸಿದರೆ ಆ ಮನುಷ್ಯನು ಉಳಿಯುತ್ತಾನೆ. ಸಂಧಿಸದೆ ಹೋದರೆ, ಮೂರನೆಯ ತಲೆಮಾರಿನ ಹೊತ್ತಿಗೆ ಸರಕಾರದ ಬಳಿ ಯಾರದೆಂದು ತಿಳಿಯದ ಒಂದು ಹೆಸರೂ, ಮನೆಯಲ್ಲಿ ಹೆಸರು ತಿಳಿಯದ ಒಂದು ಪಟವೂ ಉಳಿದುಕೊಳ್ಳುತ್ತವೆ. ಈ ಲೇಖನದ ವಿಷಯ ಅದು.

ವೀರಗಲ್ಲುಗಳ ಸೀಮೆ

ಕೋಲಾರದ ಸೀಮೆಗೆ ಈ ಚಿಂತೆ ಹೊಸದಲ್ಲ. ಗಂಗರು, ಬಾಣರು, ನೊಳಂಬರು, ಚೋಳರು ಒಬ್ಬರಾದ ಮೇಲೊಬ್ಬರು ಕಾದಾಡಿದ ನೆಲ ಇದು. ಆದುದರಿಂದಲೇ ಇಲ್ಲಿಯ ಕೆರೆಯ ಏರಿಗಳ ಮೇಲೆ, ಊರ ಬಾಗಿಲುಗಳಲ್ಲಿ, ಹುಣಿಸೆಯ ಮರದ ಬುಡಗಳಲ್ಲಿ ವೀರಗಲ್ಲುಗಳು ವಿಪುಲವಾಗಿ ದೊರೆಯುತ್ತವೆ. ಬೆಂಜಮಿನ್ ಲೂಯಿ ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಸಂಪೂರ್ಣವಾಗಿ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅದನ್ನು ಎಲ್ಲಿ ತೆರೆದರೂ, ತುರುಗಳನ್ನು ಹಿಂದಕ್ಕೆ ತರುವುದಕ್ಕೆ ಹೋಗಿ ಸತ್ತವನೋ, ಊರಿನ ಮೇಲೆ ಬಿದ್ದ ದಂಡನ್ನು ತಡೆದು ಸತ್ತವನೋ, ಒಡೆಯನ ಪರವಾಗಿ ಕಾದಿ ಬಿದ್ದವನೋ ಒಬ್ಬನು ಎದುರಾಗುತ್ತಾನೆ.

ಕಲ್ಲಿನ ವಿನ್ಯಾಸ ಬಹುಮಟ್ಟಿಗೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವುದು. ಮೇಲೆ ಶಿವಸಾನ್ನಿಧ್ಯದಲ್ಲಿ ಅವನು ಕುಳಿತಿರುವುದು. ಆದರೆ ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಕೊರೆದಿರುವ ನಾಲ್ಕಾರು ಸಾಲುಗಳನ್ನು ಓದಿದವರಿಗೆ ಮಾತ್ರ ಆ ಕಲ್ಲಿನ ನಿಜವಾದ ಪ್ರಯೋಜನ ತಿಳಿದೀತು. ಯಾವ ಅರಸನ ಆಳ್ವಿಕೆ, ಯಾವ ಊರು, ಯಾರ ಮಗ ಅಥವಾ ಯಾರ ಆಳು, ಯಾವ ಕಾಳಗ, ಕಲ್ಲು ನಿಲ್ಲಿಸಿದವರು ಯಾರು, ಅವನ ಮನೆಗೆ ಬಿಟ್ಟ ಭೂಮಿ ಎಷ್ಟು ಎಂಬುದೆಲ್ಲವನ್ನೂ ಹೇಳಿ, ಆ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಟ್ಟಲಿ ಎಂಬ ಶಾಪದೊಂದಿಗೆ ಶಾಸನ ಮುಗಿಯುತ್ತದೆ. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂದೆಲ್ಲ ಕರೆಯುತ್ತಿದ್ದ ಈ ಭೂದಾನಗಳು ಸತ್ತವನ ಸಂಸಾರದ ಜೀವನೋಪಾಯಕ್ಕಾಗಿ ಇದ್ದವು. ಸ್ಮಾರಕ ಬೇರೆ, ಪಿಂಚಣಿಯ ಆಜ್ಞೆ ಬೇರೆ ಎಂದು ಆ ಕಾಲದವರು ಎಣಿಸಲಿಲ್ಲ. ಎರಡನ್ನೂ ಒಂದೇ ಬಂಡೆಯ ಮೇಲೆ ಕೆತ್ತಿ, ಯಾರೂ ಎತ್ತಿಕೊಂಡು ಹೋಗಲಾಗದ ಕಡೆಯಲ್ಲಿ ನೆಟ್ಟರು. ಹೆಂಡತಿಯು ಚಿತೆಯೇರಿದುದನ್ನು ಕೊಂಡಾಡುವ ಮಾಸ್ತಿಕಲ್ಲುಗಳೂ ಇದೇ ಸೀಮೆಯಲ್ಲಿರುವುದರಿಂದ, ಆ ಕಾಲವನ್ನು ಹಿಂದುಮುಂದು ನೋಡದೆ ಹೊಗಳುವುದಕ್ಕೆ ಮನಸ್ಸು ಬಾರದು. ಆದರೆ ಹೆಸರನ್ನೂ ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಒಂದೇ ಕಡೆ ಬರೆದಿಡಬೇಕೆಂಬ ಅವರ ವಿವೇಕವನ್ನು ಒಪ್ಪಲೇಬೇಕು.

ಬೂದಿಕೋಟೆಯ ಮಗ

ಗಣಿಗಳ ನೆರೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಇರುವ ಬೂದಿಕೋಟೆಯು ಹೈದರ್ ಅಲಿಯ ಜನ್ಮಸ್ಥಳವೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅವನ ತಂದೆ ಫತೇ ಮಹಮದನು ಸಿರಾ ಸುಬೇದಾರರ ಕೈಕೆಳಗೆ ಫೌಜುದಾರನಾಗಿದ್ದು, ಆ ಸುಬೇದಾರಿಕೆಗಾಗಿ ನಡೆದ ಕಾಳಗದಲ್ಲಿ, 1728ರ ಸುಮಾರಿಗೆ ಮಡಿದನೆಂಬುದು ಅಷ್ಟು ಪ್ರಸಿದ್ಧವಲ್ಲ. ಕರ್ನಲ್ ವಿಲ್ಕ್ಸನು ಬರೆದ ಮೈಸೂರಿನ ಇತಿಹಾಸವು ಹೇಳುವ ಪ್ರಕಾರ, ತಂದೆ ಸತ್ತ ಬೆನ್ನಿಗೆ ವಿಧವೆಯೂ ಇಬ್ಬರು ಬಾಲಕರೂ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನನ ಕೈಗೆ ಸಿಕ್ಕರು. ಸತ್ತವನು ಕೊಡಬೇಕಾಗಿದ್ದ ಸಾಲವೆಂದು ಹೇಳಿ, ಆ ಎಳೆಯ ಮಕ್ಕಳನ್ನು ಹಿಂಸಿಸಿ ಹಣ ಕಿತ್ತುಕೊಂಡರು. ಶ್ರೀರಂಗಪಟ್ಟಣದಲ್ಲಿ ನೌಕರಿಯಲ್ಲಿದ್ದ ಒಬ್ಬ ಜ್ಞಾತಿ ಅವರನ್ನು ಕೈಹಿಡಿದು ಕಾಪಾಡಿದನು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮನೆಗೆ ಭೂಮಿಯೂ ಕಲ್ಲೂ ದೊರೆಯುತ್ತಿದ್ದ ನಾಡಿನಲ್ಲಿ, ಕಾಲ ಕೆಟ್ಟಾಗ ದೊರೆತುದು ಇದು.

ಫತೇ ಮಹಮದನ ಸಮಾಧಿ ಕೋಲಾರ ಪಟ್ಟಣದ ಮಕ್ಬರಾದಲ್ಲಿದೆ. 1782ರ ಡಿಸೆಂಬರಿನಲ್ಲಿ ಹೈದರನು ಚಿತ್ತೂರಿನ ಬಳಿಯ ದಂಡಿನ ಬೀಡಿನಲ್ಲಿ ತೀರಿಕೊಂಡಾಗ, ಸುದ್ದಿಯನ್ನು ಮುಚ್ಚಿಟ್ಟು, ಅವನ ದೇಹವನ್ನು ಮೊದಲು ತಂದು ಇರಿಸಿದುದು ಅಲ್ಲಿಯೇ, ತಂದೆಯ ಪಕ್ಕದಲ್ಲಿ. ಶ್ರೀರಂಗಪಟ್ಟಣದ ಗುಂಬಜಿಗೆ ಒಯ್ದುದು ಆಮೇಲೆ. ಟಿಪ್ಪುವಿನ ಗುಂಬಜನ್ನು ನೋಡಹೋಗುವ ಸಾವಿರಾರು ಜನರ ಪೈಕಿ ಕೋಲಾರದ ಮಕ್ಬರಾಕ್ಕೆ ಬರುವವರು ಅಪರೂಪ.

ಗಣಿಯೂ ದಂಡೂ

1880ರಿಂದ ಈಚೆಗೆ ಜಾನ್ ಟೇಲರ್ ಕಂಪನಿಯು ಇಲ್ಲಿ ಗಣಿಗಳನ್ನು ಆಳಕ್ಕೆ ಇಳಿಸಿದ ಮೇಲೆ, ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಸಾವಿರಗಟ್ಟಲೆ ಕೂಲಿಯಾಳುಗಳೂ, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಯ ಮೇಸ್ತ್ರಿಗಳೂ, ರೈಲ್ವೆ ಮತ್ತು ಯಂತ್ರಶಾಲೆಗಳ ಕೆಲಸ ಬಲ್ಲ ಆಂಗ್ಲೋ-ಇಂಡಿಯನ್ ಕುಟುಂಬಗಳೂ ಬಂದು ನೆಲಸಿದರು. 1894ರಲ್ಲಿ, ಆಗ ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ ರೈಲು ಬಂದಿತು. ಆ ಕವಲುದಾರಿ ಬಂಗಾರವನ್ನು ಹೊರಕ್ಕೆ ಒಯ್ದಂತೆಯೇ ಸಿಪಾಯಿಗಳನ್ನೂ ಒಯ್ದಿತು.

ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ನೌಕರರಿಗಾಗಿ ಗಣಿಯಲ್ಲಿಯೇ ಒಂದು ಸ್ವಯಂಸೇವಕ ರೈಫಲ್ ದಳ ಇದ್ದಿತು. ಮೊದಲನೆಯ ಮಹಾಯುದ್ಧದ ಬಳಿಕ ಅದು ಭಾರತದ ಸಹಾಯಕ ಸೇನೆಯ ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಆಗಿ, ಸ್ವಾತಂತ್ರ್ಯದೊಂದಿಗೆ ಕೊನೆಗೊಂಡಿತು. ಇದು ಊರು ಕಾಯುವ ದಳ. ಆದರೆ ಇಲ್ಲಿ ಕವಾಯತು ಕಲಿತ ಹುಡುಗರು ಯುದ್ಧ ಬಂದಾಗ ಕಾದಾಡುವ ಪಲ್ಟನ್ನುಗಳಿಗೆ ಸೇರಿಕೊಳ್ಳುವುದು ಸಹಜವಾಗಿತ್ತು. ಕೂಲಿಯಾಳಿನ ಮಗನಿಗೆ ಬೇರೊಂದು ದಾರಿ. ಬೆಂಗಳೂರಿನ ದಂಡು 1809ರಿಂದ ಇದ್ದಿತು. 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್‌ನ ನೆಲೆ ಅಲ್ಲಿಯ ಹಲಸೂರಿನ ಮಗ್ಗುಲಲ್ಲಿಯೇ. ನೆಲ ಅಗೆಯುವುದು, ಸಿಡಿಮದ್ದು ಇಡುವುದು, ಮರದ ಆನಿಕೆ ಕೊಟ್ಟು ಸುರಂಗವನ್ನು ನಿಲ್ಲಿಸುವುದು — ಇವು ಸೈನ್ಯದ ಈ ವಿಭಾಗಕ್ಕೂ ಗಣಿಯ ಜನರಿಗೂ ಸಮಾನವಾದ ವಿದ್ಯೆಗಳು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆ ತಾನಾಗಿ ಸಿಡಿದು ಮುಚ್ಚಿಕೊಂಡಾಗ ಸತ್ತವರಿಗೆ ಬಿಗುಲು ಊದಿದವರಿಲ್ಲ, ಧ್ವಜ ಹೊದಿಸಿದವರಿಲ್ಲ. ಒಂದೇ ಗೋಡೆಯ ಮೇಲೆ ಗಣಿಯಲ್ಲಿ ಹೋದ ಅಪ್ಪನ ಪಟವೂ ಗಡಿಯಲ್ಲಿ ಹೋದ ಮಗನ ಪಟವೂ ಇದ್ದರೆ, ಸರಕಾರದ ಕಣ್ಣಿಗೆ ಅವು ಎರಡು ತೂಕದ ಸಾವುಗಳು. ಮನೆಯ ಹೆಂಗಸಿಗೆ ಆ ವ್ಯತ್ಯಾಸವನ್ನು ವಿವರಿಸುವುದು ಕಷ್ಟ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಅಂದಿನಿಂದ ಊರಿನ ದುಡಿಯುವ ಜನರಲ್ಲಿ ಬಹುಮಂದಿ ಬೆಳಗಿನ ಜಾವದ ಸ್ವರ್ಣ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು. ಹದಿನೆಂಟು ತುಂಬಿದ ಹುಡುಗನಿಗೆ ಸೇನೆಯ ಭರ್ತಿಯೆಂಬುದು ಇಂಥ ಊರಿನಲ್ಲಿ ದೇಶಭಕ್ತಿಯೂ ಹೌದು, ನಿಯತವಾದ ಸಂಬಳವೂ ಹೌದು. ಎರಡನ್ನೂ ಒಟ್ಟಿಗೆ ಹೇಳುವುದರಲ್ಲಿ ಅವಮಾನವೇನೂ ಇಲ್ಲ.

ಸುದ್ದಿ ಬರುತ್ತಿದ್ದ ಬಗೆ

ಮೊದಲನೆಯ ಮಹಾಯುದ್ಧದಲ್ಲಿ ಭಾರತದಿಂದ ಸುಮಾರು 13 ಲಕ್ಷ ಜನ ಸೇವೆಗೆ ಹೋದರು; 74,000ದಷ್ಟು ಮಂದಿ ಹಿಂತಿರುಗಲಿಲ್ಲ. ಎರಡನೆಯದರಲ್ಲಿ 25 ಲಕ್ಷ ಜನ ಸೇರಿ, 87,000ದಷ್ಟು ಮಂದಿ ಸತ್ತರು. ಈ ಪ್ರತಿಯೊಂದು ಸಾವಿನ ವಾರ್ತೆಯೂ ಒಂದು ಮನೆಗೆ ತಲಪಬೇಕಾಗಿತ್ತು. ತಂತಿ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಓದಲು ಬಾರದ ಮನೆಯವರು ಅದನ್ನು ಹಿಡಿದುಕೊಂಡು ಪೋಸ್ಟ್ ಮಾಸ್ತರರ ಬಳಿಗೋ, ಇಗರ್ಜಿಯ ಪಾದ್ರಿಗಳ ಬಳಿಗೋ, ಶಾಲೆಯ ಉಪಾಧ್ಯಾಯರ ಬಳಿಗೋ ಹೋಗಬೇಕು. ಓದುವವರು ಮುಖ ಎತ್ತುವ ರೀತಿಯಿಂದಲೇ ಅರ್ಧ ತಿಳಿಯಬೇಕು. ಆಮೇಲೆ ತಿಂಗಳುಗಳು ಕಳೆದ ಮೇಲೆ ಅವನ ಸಾಮಾನುಗಳ ಗಂಟು, ಬಾಕಿ ಸಂಬಳದ ಲೆಕ್ಕ, ಕೆಲವರಿಗೆ ಪದಕ.

ಮೊದಲನೆಯ ಯುದ್ಧದ ಮೃತರ ಮನೆಗಳಿಗೆ ಬ್ರಿಟಿಷ್ ಸರಕಾರವು ಒಂದು ಕಂಚಿನ ಬಿಲ್ಲೆಯನ್ನೂ ಕಳುಹಿಸಿತು. ಸುಮಾರು 12 ಸೆಂಟಿಮೀಟರ್ ಅಗಲ; ಒಂದು ಮಗ್ಗುಲಲ್ಲಿ ಬ್ರಿಟಾನಿಯಾ ದೇವಿ, ಕಾಲ ಬಳಿ ಸಿಂಹ, ಚೌಕದೊಳಗೆ ಉಬ್ಬಕ್ಷರಗಳಲ್ಲಿ ಸತ್ತವನ ಹೆಸರು. ತ್ಯಾಗದಲ್ಲಿ ಮೇಲುಕೀಳು ಇರಬಾರದೆಂದು ಅದರ ಮೇಲೆ ದರ್ಜೆಯನ್ನು ಹಾಕಲಿಲ್ಲ. 13 ಲಕ್ಷಕ್ಕೂ ಮೇಲ್ಪಟ್ಟು ಎರಕ ಹೊಯ್ದ ಈ ಬಿಲ್ಲೆಗಳಲ್ಲಿ ಭಾರತಕ್ಕೆ ಬಂದವು ಇಂದಿಗೂ ಅಲ್ಲಲ್ಲಿ ಹಳೆಯ ಪಾತ್ರೆಗಳ ನಡುವೆ ಕಾಣಿಸಿಕೊಳ್ಳುತ್ತವೆ. ಏನೆಂದು ತಿಳಿಯದೆ ತೂಕಕ್ಕೆ ಹಾಕಿದವೆಷ್ಟೋ.

ದೇಹ ಮಾತ್ರ ಬರುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಸತ್ತವನಿಗೆ ಫ್ರಾನ್ಸು, ಬರ್ಮಾದಲ್ಲಿ ಸತ್ತವನಿಗೆ ಬರ್ಮಾ. ಸ್ವತಂತ್ರ ಭಾರತದ 1962, 1965, 1971ರ ಯುದ್ಧಗಳಲ್ಲಿಯೂ ಸಾಮಾನ್ಯವಾಗಿ ರಣರಂಗದ ಸಮೀಪದಲ್ಲಿಯೇ ಅಂತ್ಯಕ್ರಿಯೆ ನಡೆಯುತ್ತಿತ್ತು. 1999ರ ಕಾರ್ಗಿಲ್ ಯುದ್ಧದಲ್ಲಿ, ಮಡಿದವರ ದೇಹಗಳನ್ನು ಅವರವರ ಊರಿಗೆ ಕಳುಹಿಸುವ ಪದ್ಧತಿ ವ್ಯಾಪಕವಾಗಿ ರೂಢಿಗೆ ಬಂದಿತು. ಯುದ್ಧದ ಸಾವನ್ನು ಊರೆಲ್ಲ ಕಣ್ಣಾರೆ ಕಂಡುದು ಆಗ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಮೇಲಣ ಠಾಣೆಯೊಂದು ಹಿಮಪಾತದಲ್ಲಿ ಹೂತುಹೋಗಿ, 19ನೆಯ ಮದ್ರಾಸ್ ಪಲ್ಟನ್ನಿನ ಹತ್ತು ಮಂದಿ ಸಿಕ್ಕಿಬಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಬಳಿಕ ಜೀವಸಹಿತ ಹೊರತೆಗೆದಾಗ ನಾಡಿಗೆ ನಾಡೇ ದೇವರಿಗೆ ಕೈಮುಗಿಯಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಬೆಟದೂರಿನಲ್ಲಿ ಅಂದು ಸೇರಿದ ಜನಸ್ತೋಮವನ್ನು ದೂರದರ್ಶನದಲ್ಲಿ ನೋಡಿದವರಿಗೆ, 1944ರಲ್ಲಿ ಇಂಫಾಲಿನ ಬೆಟ್ಟದಲ್ಲಿ ಹೋದವನ ತಾಯಿಗೆ ಒಂದು ಚೂರು ಕಾಗದವಲ್ಲದೆ ಬೇರೇನೂ ಬರಲಿಲ್ಲವೆಂಬುದನ್ನು ಊಹಿಸುವುದು ಸುಲಭವಲ್ಲ.

ಕಾಣೆಯಾದವರು

ಸತ್ತನೆಂಬ ಸುದ್ದಿಗಿಂತ ಕ್ರೂರವಾದ ಸುದ್ದಿ ಕಾಣೆಯಾದನೆಂಬುದು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ 40,000ಕ್ಕೂ ಮೇಲ್ಪಟ್ಟು ಭಾರತೀಯ ಸೈನಿಕರು ಜಪಾನಿಯರ ಸೆರೆಯಾದರು. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರಲೊಪ್ಪದವರಲ್ಲಿ ಸಾವಿರಾರು ಜನರನ್ನು ಹಡಗುಗಳಲ್ಲಿ ತುಂಬಿ ನ್ಯೂಗಿನಿಯ ದ್ವೀಪದ ಕಡೆಗೆ ದುಡಿಮೆಗೆ ಒಯ್ದರು. ಮೂರು ಮೂರೂವರೆ ವರ್ಷ ಮನೆಗಳಿಗೆ ಯಾವ ಸಮಾಚಾರವೂ ಇಲ್ಲ. ಹೆಂಡತಿ ಕುಂಕುಮ ಅಳಿಸಬೇಕೋ ಬೇಡವೋ, ತಮ್ಮನ ಮದುವೆ ಮಾಡಬಹುದೋ ಬಾರದೋ ಎಂಬ ಪ್ರಶ್ನೆಗಳಿಗೆ ಸೈನ್ಯದ ಯಾವ ಕಚೇರಿಯಲ್ಲಿಯೂ ಉತ್ತರವಿರಲಿಲ್ಲ.

ಕಾನೂನು ಇಂಥ ಸಂದರ್ಭಕ್ಕೆ ಏಳು ವರ್ಷದ ಅವಧಿಯನ್ನು ಇಟ್ಟಿದೆ: ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ತಿಳಿಯದಿದ್ದರೆ, ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆ ಹೇಳುವವನ ಮೇಲೆ. ಧರ್ಮಶಾಸ್ತ್ರಕಾರರು ಇನ್ನೂ ಹೆಚ್ಚು ತಾಳ್ಮೆಯವರು. ಹನ್ನೆರಡು ವರ್ಷ ಕಾದು, ಆಮೇಲೆ ಮುತ್ತುಗದ ಎಲೆಗಳಿಂದ ಮನುಷ್ಯಾಕೃತಿಯನ್ನು ಮಾಡಿ ಅದಕ್ಕೆ ಸಂಸ್ಕಾರ ಮಾಡಬೇಕೆಂದರು. ಆಯುಧದಿಂದ ಸತ್ತವರಿಗೆ ಪಿತೃಪಕ್ಷದ ಚತುರ್ದಶಿಯನ್ನು ಬೇರೆಯಾಗಿ ಮೀಸಲಿಟ್ಟವರೂ, ಸತ್ತ ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯನ್ನು ಬಿಟ್ಟುಕೊಟ್ಟವರೂ ಅವರೇ. ಗಣಿಪ್ರದೇಶದ ಕ್ರೈಸ್ತ ಕುಟುಂಬಗಳು ನವೆಂಬರ್ 2ರಂದು ಸ್ಮಶಾನಕ್ಕೆ ಹೋಗಿ ಮೇಣದಬತ್ತಿ ಹಚ್ಚುವಾಗ, ಸಮಾಧಿಯೇ ಇಲ್ಲದ ಮಗನ ಪಾಲಿನ ಬತ್ತಿಯನ್ನು ತಾತನ ಶಿಲುಬೆಯ ಬುಡದಲ್ಲಿ ಹಚ್ಚುತ್ತಾರೆ. ಶಾಸ್ತ್ರ ಯಾವುದಾದರೇನು, ದೇಹವಿಲ್ಲದ ಸಾವಿಗೆ ಒಂದು ದಿನವನ್ನೂ ಒಂದು ಸ್ಥಳವನ್ನೂ ಮಾಡಿಕೊಡುವ ಉಪಾಯವನ್ನು ಎಲ್ಲರೂ ಹುಡುಕಿಕೊಂಡಿದ್ದಾರೆ.

ಕಾಯುವಿಕೆ ಎಷ್ಟು ದೀರ್ಘವಾಗಬಹುದೆಂಬುದಕ್ಕೆ ಒಂದೇ ಉದಾಹರಣೆ ಸಾಕು. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹಕ್ಕೆ ಹೊರಟ ವಾಯುಸೇನೆಯ ಆಂಟನೋವ್-12 ವಿಮಾನವು 102 ಜನರೊಡನೆ ರೋಹ್ತಾಂಗ್ ಕಣಿವೆಯ ಬಳಿ ಕಣ್ಮರೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅದರ ಮೊದಲ ಅವಶೇಷಗಳು ಸಿಕ್ಕಿದುವು. 2024ರ ಸೆಪ್ಟೆಂಬರಿನಲ್ಲಿ ಇನ್ನೂ ನಾಲ್ವರ ದೇಹಗಳು ಹಿಮದಿಂದ ಹೊರಬಂದವು: ಐವತ್ತಾರು ವರ್ಷ. ಮಕ್ಕಳನ್ನು ಕಳುಹಿಸಿಕೊಟ್ಟ ತಂದೆತಾಯಿಗಳು ಅಷ್ಟರಲ್ಲಿ ತಾವೇ ಪಟಗಳಾಗಿದ್ದರು.

ಗೋಡೆಗಳ ಮೇಲಣ ಹೆಸರು

ಸಾಮಾನ್ಯ ಸಿಪಾಯಿಯ ಹೆಸರನ್ನೂ ಸರಕಾರ ಕಲ್ಲಿನಲ್ಲಿ ಕೊರೆಯಬೇಕೆಂಬ ಭಾವನೆ ಯೂರೋಪಿಗೆ ಬಂದುದು ಬಹು ತಡವಾಗಿ. 1917ರಲ್ಲಿ ಫೇಬಿಯನ್ ವೇರ್ ಎಂಬವರ ಪ್ರಯತ್ನದಿಂದ, ಇಂದು ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವೆನ್ನಿಸಿಕೊಂಡಿರುವ ಸಂಸ್ಥೆ ಹುಟ್ಟಿತು. ದರ್ಜೆ, ಜನಾಂಗ, ಮತಗಳ ಭೇದವಿಲ್ಲದೆ ಪ್ರತಿಯೊಬ್ಬ ಮೃತನ ಹೆಸರೂ ಶಾಶ್ವತವಾಗಿರಬೇಕೆಂಬುದು ಅದರ ಘೋಷಿತ ತತ್ತ್ವ. ಆಚರಣೆ ಎಲ್ಲೆಡೆ ತತ್ತ್ವದಷ್ಟು ಶುದ್ಧವಾಗಿರಲಿಲ್ಲ. ಫ್ರಾನ್ಸಿನ ನ್ಯೂ ಶಾಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಒಂದೊಂದಾಗಿ ಕೊರೆದರು. ಇರಾಕಿನ ಬಸ್ರಾದಲ್ಲಿಯೋ ಭಾರತೀಯ ಅಧಿಕಾರಿಗಳ ಹೆಸರು ಬರೆದು, ಸಿಪಾಯಿಗಳನ್ನು ಪಲ್ಟನ್ನಿಗೆ ಇಷ್ಟು ಮಂದಿಯೆಂದು ಎಣಿಸಿ ಬಿಟ್ಟರು. ಏಷ್ಯ, ಆಫ್ರಿಕಗಳ ಮೃತರಿಗೆ ಅನ್ಯಾಯವಾಯಿತೆಂದು ಆಯೋಗವೇ 2021ರಲ್ಲಿ ಒಪ್ಪಿಕೊಂಡಿತು. ನೂರು ವರ್ಷ ತಡವಾದ ಒಪ್ಪಿಗೆ, ಆದರೂ ಒಪ್ಪಿಗೆ.

ನಮ್ಮ ಕಡೆಯವರು ನೆನಪಿಡಬೇಕಾದ ಸಂಗತಿ ಒಂದಿದೆ. ಹಿಂದೂ, ಸಿಖ್ ಸೈನಿಕರನ್ನು ದಹಿಸುತ್ತಿದ್ದುದರಿಂದ ಅವರಿಗೆ ಸಮಾಧಿಯಿರದು. ಹೆಸರು ಇರುವುದು ಗೋಡೆಯ ಮೇಲೆ. ಕೊಹಿಮಾದ ದಹನಸ್ಮಾರಕದಲ್ಲಿ ಅಂಥ 917 ಹೆಸರುಗಳಿವೆ. ಬರ್ಮಾದಲ್ಲಿ ಸತ್ತು ಸಮಾಧಿ ಕಾಣದವರಿಗೆ ರಂಗೂನಿನ ಹೊರವಲಯದ ಟೌಕ್ಯಾನ್‌ನಲ್ಲಿ 27,000ಕ್ಕೆ ಸಮೀಪದ ಹೆಸರುಗಳ ಸ್ತಂಭಸಾಲು. ಭಾರತದ ನೆಲದಲ್ಲಿಯೇ ಸತ್ತು, ಕಾಪಾಡಲಾಗದ ದೂರದ ಸ್ಮಶಾನಗಳಲ್ಲಿ ಮಣ್ಣಾದ ಮೊದಲನೆಯ ಯುದ್ಧದವರ ಹೆಸರುಗಳು ಮದರಾಸಿನ ನಂದಂಬಾಕಮ್ ಯುದ್ಧಸ್ಮಶಾನದ ಸ್ಮಾರಕದಲ್ಲಿವೆ. ಮೈಸೂರು ಸಂಸ್ಥಾನದ ಅಶ್ವದಳದವರಿಗೆ, 1918ರ ಸೆಪ್ಟೆಂಬರ್ 23ರ ಹೈಫಾ ದಾಳಿಯ ಕೀರ್ತಿಗೆ ಪಾತ್ರರಾದವರಿಗೆ, ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ಮಾರಕವಿದೆ.

1947ರಿಂದ ಈಚೆಗೆ ಸತ್ತವರಿಗೆ, ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧಸ್ಮಾರಕ. ಇಂಡಿಯಾ ಗೇಟಿನ ಬಳಿಯಲ್ಲಿ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಸುತ್ತುಸುತ್ತಾಗಿ ಕಟ್ಟಿರುವ ಆ ಗೋಡೆಗಳಲ್ಲಿ ಒಬ್ಬೊಬ್ಬ ಮೃತನಿಗೂ ಒಂದೊಂದು ಕಲ್ಲಿನ ಹಲಗೆ. ಉದ್ಘಾಟನೆಯ ವೇಳೆಗೆ 25,942. ಬೆಂಗಳೂರಿನ ಸೈನಿಕ ಸ್ಮಾರಕೋದ್ಯಾನಕ್ಕೆ ಎಪ್ಪತ್ತೈದು ಅಡಿಯ ಏಕಶಿಲೆಯನ್ನು ತಂದವರು ಅದನ್ನು ವೀರಗಲ್ಲೆಂದೇ ಕರೆದರು. ಎತ್ತರದಲ್ಲಿ ಅದು ಕೋಲಾರದ ಕಲ್ಲುಗಳನ್ನು ಹತ್ತು ಪಾಲು ಮೀರಿಸೀತು. ಊರಿನವನ ಕಣ್ಣಿನ ಮಟ್ಟದಲ್ಲಿ, ಊರಿನವನ ಭಾಷೆಯಲ್ಲಿ, ಯಾರ ಮಗನೆಂದು ಹೇಳುವ ಗುಣದಲ್ಲಿ ಹಳೆಯ ಕಲ್ಲೇ ಮೇಲೆಂದು ನನ್ನ ಅಭಿಪ್ರಾಯ.

ಪಿಂಚಣಿಯ ಕಾಗದ

ಹೆಸರು ತಪ್ಪಾದರೆ ನೆನಪಷ್ಟೇ ಕೆಡುವುದಿಲ್ಲ, ಅನ್ನವೂ ಕೆಡುತ್ತದೆ. ಶತ್ರುವಿನೊಡನೆ ಕಾದಾಟದಂಥ ಕಾರಣಗಳಿಂದ ಸತ್ತವರ ಮನೆಗೆ ಉದಾರೀಕೃತ ಕುಟುಂಬ ಪಿಂಚಣಿ — ಕಡೆಯ ಗಣನೀಯ ವೇತನ ಪೂರ್ಣವಾಗಿ. ಸೇವೆಯ ಕಾರಣದಿಂದಲೇ ಸತ್ತರೂ ಕಾದಾಟದಲ್ಲಿ ಅಲ್ಲದಿದ್ದರೆ ವಿಶೇಷ ಕುಟುಂಬ ಪಿಂಚಣಿ, ನೂರಕ್ಕೆ 60. ಸೇವೆಗೆ ಸಂಬಂಧವಿಲ್ಲದ ಸಾವಾದರೆ ಸಾಮಾನ್ಯವಾಗಿ ನೂರಕ್ಕೆ 30. ಯಾವ ಸಾವು ಯಾವ ವರ್ಗಕ್ಕೆ ಸೇರಿತೆಂಬ ಒಂದು ಗೆರೆಯ ಮೇಲೆ ಒಂದು ಸಂಸಾರದ ಮುಂದಿನ ಮೂವತ್ತು ವರ್ಷ ನಿಂತಿರುತ್ತದೆ. ಇದರ ಮೇಲೆ, ಸೇವಾದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ. ತಮಿಳಿನಲ್ಲಿ ಇಟ್ಟ ಹೆಸರನ್ನು ಕನ್ನಡದ ಗುಮಾಸ್ತರು ಒಂದು ರೀತಿ, ಪಲ್ಟನ್ನಿನ ಹಿಂದಿ ಬಲ್ಲ ಹವಾಲ್ದಾರನು ಮತ್ತೊಂದು ರೀತಿ ಇಂಗ್ಲಿಷಿಗೆ ಇಳಿಸಿರುವುದು. ಮದುವೆಯನ್ನು ದಾಖಲೆಗೆ ಸೇರಿಸುವ ಮೊದಲೇ ರಜೆ ಮುಗಿದು ಹೋಗಿಬಿಟ್ಟಿರುವುದು. ಮೂರು ನಾಲ್ಕು ಭಾಷೆಗಳ ಊರಾದ ಗಣಿಪ್ರದೇಶದಲ್ಲಿ ಇಂಥ ತೊಡಕು ಇನ್ನೂ ಹೆಚ್ಚು. ಸೊಸೆಗೂ ಅತ್ತೆಮಾವಂದಿರಿಗೂ ನಡುವೆ ಹಣದ ವಿಷಯವಾಗಿ ಮನಸ್ತಾಪ ಹುಟ್ಟುವುದೂ ಉಂಟು. ಅದನ್ನು ಬೀದಿಗೆ ತಂದು ಚರ್ಚಿಸುವ ಇಂದಿನ ಚಪಲಕ್ಕಿಂತ, ಮಗ ಬದುಕಿರುವಾಗಲೇ ಕಾಗದವನ್ನು ಸರಿಯಾಗಿ ಬರೆಸುವುದು ಮೇಲು. ಇಂಥ ಕೆಲಸಕ್ಕೆ ನೆರವಾಗುವುದಕ್ಕೆಂದೇ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಡಿಸೆಂಬರ್ 7ರ ಧ್ವಜದಿನದಂದು, 1949ರಿಂದ, ನಾವು ಎದೆಗೆ ಚುಚ್ಚಿಕೊಳ್ಳುವ ಚಿಕ್ಕ ಬಾವುಟದ ಹಣ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣನಿಧಿಗೆ ಸೇರುತ್ತದೆ.

ಹುಡುಕಹೊರಟವರಿಗೆ

ಮನೆಯ ಪಟದಲ್ಲಿರುವ ಸೈನಿಕನು ಎಲ್ಲಿ ಹೋದನೆಂದು ತಿಳಿಯಬೇಕಾದವರು ದಿನಾಂಕದಿಂದ ಪ್ರಾರಂಭಿಸುವುದು ಲೇಸು. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಅಥವಾ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿ ಸತ್ತವನಾದರೆ ಯುದ್ಧಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಹುಡುಕಬೇಕು; ಅದು ಅಂತರ್ಜಾಲದಲ್ಲಿ ಯಾರಿಗಾದರೂ ತೆರೆದಿದೆ, ಶುಲ್ಕವಿಲ್ಲ. ಬಂಗಾರಪೇಟೆಯೆಂದು ಹುಡುಕಿದರೆ ಆ ಕಾಲದವರು ಸಿಗದಿರಬಹುದು, ಬೌರಿಂಗ್‌ಪೇಟೆಯೆಂದೂ ಹುಡುಕಬೇಕು. ಹೆಸರಿನ ಕಾಗುಣಿತವನ್ನು ಐದಾರು ಬಗೆಯಲ್ಲಿ ಬದಲಿಸಿ ನೋಡಬೇಕು. ಆಂಗ್ಲೋ-ಇಂಡಿಯನ್ ಮತ್ತು ಐರೋಪ್ಯ ಕುಟುಂಬಗಳ ಜ್ಞಾನಸ್ನಾನ, ವಿವಾಹ, ಸಮಾಧಿಗಳ ಇಗರ್ಜಿ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1947ರ ಈಚಿನವನಾದರೆ ಆಯಾ ದಳದ ದಾಖಲೆ ಕಚೇರಿಗೆ ಪತ್ರ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿಯೇ ಇದೆ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ.

ಎಲ್ಲಿಗೆ ಬರೆದರೂ ಅವರು ಮೊದಲು ಕೇಳುವುದು ಒಂದನ್ನೇ, ಸೇವಾಸಂಖ್ಯೆಯನ್ನು. ಪದಕ ಸಿಕ್ಕಿದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಸಣ್ಣ ಅಕ್ಷರಗಳಲ್ಲಿ ಸಂಖ್ಯೆಯೂ ಹೆಸರೂ ಕೊರೆದಿರುವ ಸಂಭವವುಂಟು. ಹೊಳಪು ಬರಲೆಂದು ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಟ್ರಂಕಿಗೆ ಹೊಸ ಬಣ್ಣ ಬಳಿಯುವ ಮೊದಲು ಮುಚ್ಚಳದ ಬರಹವನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಮನೆಯ ಹಿರಿಯರು ಇನ್ನೂ ಇರುವಾಗಲೇ ಅವರ ಬಳಿ ಕುಳಿತು, ಅವನ ಪೂರ್ಣ ಹೆಸರು, ತಂದೆತಾಯಿಯರ ಹೆಸರು, ಊರು, ದಳ, ಹೋದ ವರ್ಷ ಇವನ್ನು ಕೇಳಿ, ಪಟದ ಹಿಂಬದಿಯ ರಟ್ಟಿನ ಮೇಲೆ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ, ಮಸಿಯಂತೆ ಹರಡದ ಪೆನ್ಸಿಲಿನಲ್ಲಿ ಬರೆದಿಡಿ. ಈ ಭಾನುವಾರವೇ ಆದೀತು.